ಬಿಲ್ಲೆಯ ಹಿಂಬದಿ

ನಮ್ಮ ಅಂಗಡಿಗೆ ಬರುವವರು ಯಾರೂ ಒಡವೆಯ ಹಿಂಬದಿ ನೋಡುವುದಿಲ್ಲ. ಕಾಲುಂಗುರವೋ ಕಡಗವೋ ಲಿಂಗದ ಕರಡಿಗೆಯೋ, ಮುಂದಿನಿಂದ ನೋಡುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಚೌಕಾಶಿ ಮಾಡುತ್ತಾರೆ, ಹೋಗುತ್ತಾರೆ. ಹಿಂಬದಿ ಒಡವೆ ಮಾಡಿದ ಪತ್ತಾರನದು. ಬೆಸುಗೆಯ ಕಲೆ, ಜಾರಿದ ಉಳಿಯ ಗೀರು, ಮುಚ್ಚಿಟ್ಟ ತಪ್ಪು ಎಲ್ಲ ಅಲ್ಲಿರುತ್ತವೆ. ಸಿಂದಗಿಯಲ್ಲಿ ಅಪ್ಪನ ಪಕ್ಕ ಕೂತು ವರ್ಷಗಟ್ಟಲೆ ಬೆಳ್ಳಿ ಬಡಿದ ನನಗೆ ಇದು ಗೊತ್ತಿರಲಿಲ್ಲ ಎಂದರೆ ನೀವು ನಗುತ್ತೀರಿ. ಗೊತ್ತಿತ್ತು. ಆದರೆ ಎಲ್ಲಕ್ಕಿಂತ ಹೆಚ್ಚು ನೆನಪಿರಬೇಕಾಗಿದ್ದ ಸಲವೇ ಮರೆತೆ.

ನನ್ನ ಅಕ್ಕನನ್ನು ಮುದ್ದೇಬಿಹಾಳ ತಾಲೂಕಿನಲ್ಲಿ, ನಾಲತವಾಡದ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ಅವರೂ ನಮ್ಮವರೇ, ಆದರೆ ಎರಡು ತಲೆಮಾರಿನ ಹಿಂದೆಯೇ ಉಳಿ ಸುತ್ತಿಗೆ ಕೆಳಗಿಟ್ಟು ಹೊಲ, ಗೊಬ್ಬರದ ಅಂಗಡಿ ಮಾಡಿಕೊಂಡವರು. ಮದುವೆಯಾಗಿ ಆರನೇ ವರ್ಷ ಅಕ್ಕ ಹೊಲದ ಬಾವಿಯಲ್ಲಿ ಹೆಣವಾಗಿ ಸಿಕ್ಕಳು. ನೀರು ಸೇದುವಾಗ ಕಾಲು ಜಾರಿತು ಎಂದರು.

ಅಪ್ಪ, ಅವ್ವ, ನಾನು ಟೆಂಪೋ ಮಾಡಿಕೊಂಡು ಹೋದೆವು. ಎಲ್ಲರೂ ಅಂಗಳದಲ್ಲಿ ಅಳುತ್ತಿದ್ದಾಗ ನಾನು ಬಾವಿಯ ಕಡೆ ನಡೆದೆ. ಕಟ್ಟೆಯ ಮೇಲೆ ಅವಳ ಕೊಡ ನೆಟ್ಟಗೆ ನಿಂತಿತ್ತು. ಒಳಗೆ ಕೈ ಹಾಕಿದೆ. ತಳದವರೆಗೂ ಒಣಗಿತ್ತು. ಪಕ್ಕದಲ್ಲಿ ಹಗ್ಗ, ಅದೂ ಒಣಗಿದ್ದೇ, ತವರಿನಲ್ಲಿ ಅವಳು ಸುತ್ತಿಡುತ್ತಿದ್ದ ಹಾಗೆ ಎಂಟರ ಆಕಾರದಲ್ಲಿ ಸುತ್ತಿಟ್ಟಿತ್ತು. ನೀರು ಸೇದುತ್ತ ಜಾರಿದವಳು ಹಗ್ಗ ಸುತ್ತಿಟ್ಟು ಜಾರುವುದಿಲ್ಲ. ಮೈ ತೊಳೆಸಿದ ಹೆಂಗಸರು ಅವಳ ಬೆನ್ನಿನ ಮೇಲಿನ ಹಳೆಯ ಬಾಸುಂಡೆಗಳ ವಿಷಯ ಅವ್ವನಿಗೆ ಹೇಳಿದರು. ಅವ್ವ ನನಗೆ ಹೇಳಿದಳು, ನಾನು ಅಪ್ಪನಿಗೆ ಹೇಳಿದೆ. ಅಪ್ಪ ಯಾರಿಗೂ ಹೇಳಲಿಲ್ಲ.

ಅಪ್ಪನನ್ನು ಬೈಯಲು ನನಗೆ ಬಾಯಿಲ್ಲ. ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ತಂಗಿ ಇದ್ದಳು. ಎರಡೂ ಕಡೆಯ ಹಿರಿಯರು ಕೂತರು, ಆದದ್ದು ಆಯಿತು ಎಂದರು, ಮನೆತನದ ಮಾತು ಬೀದಿಗೆ ಬೀಳಬಾರದು ಎಂದರು. ಅಪ್ಪ ಅವರ ಮುಂದೆ ಕೈಮುಗಿದು, ಈ ವಿಷಯ ಮತ್ತೆ ಎತ್ತುವುದಿಲ್ಲ ಎಂದು ಮಾತು ಕೊಟ್ಟ. ನಾನೂ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ. ನನ್ನ ಬಾಯಿಗೇನು ಯಾರೂ ಬೀಗ ಹಾಕಿರಲಿಲ್ಲ.

ವರ್ಷ ತುಂಬುವುದರೊಳಗೆ ಅಕ್ಕನ ಮಾವ ನಮ್ಮ ಅಂಗಡಿಗೆ ಬಂದ. ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಆಮೇಲೆ ಕೆಮ್ಮಿದ.

"ಬಾಗೇವಾಡ್ಯಾಗ ಹುಡುಗಿ ನೋಡೇವ್ರಿ ಬೀಗರ. ಭಾಳ ಸಂಭಾವಿತ ಹುಡುಗಿ. ಬಿಲ್ಲಿ ನಿಮ್ಮ ಕೈಲೇ ಆಗಬೇಕು."

ಬಿಲ್ಲಿ ಎಂದರೆ ಏನೆಂದು ಹೇಳಬೇಕು. ಹೆಂಡತಿ ಸತ್ತವನು ಮತ್ತೆ ಮದುವೆಯಾದರೆ, ಸತ್ತವಳ ರೂಪ ಮೂಡಿಸಿದ ಸಣ್ಣದೊಂದು ಬೆಳ್ಳಿ ಬಿಲ್ಲೆಯನ್ನು ಹೊಸಬಳ ಕೊರಳಿಗೆ ಕಟ್ಟುವ ರೂಢಿ ನಮ್ಮ ಮಂದಿಯಲ್ಲಿ ಇನ್ನೂ ಇದೆ. ಸವತಿ ಬಿಲ್ಲೆ ಎನ್ನುತ್ತಾರೆ. ಕಟ್ಟದಿದ್ದರೆ ಸತ್ತವಳು ಬಂದು ಹೊಸಬಳನ್ನು ಕಾಡುತ್ತಾಳೆಂದು ನಂಬಿಕೆ. ನಮ್ಮಲ್ಲಿ ಅದನ್ನು ಸತ್ತವಳ ತವರಿನವರೇ ಕೊಡಬೇಕು. ಕೊಟ್ಟರೆ ಆ ಮದುವೆಗೆ ತವರಿನ ಒಪ್ಪಿಗೆ ಇದೆ ಎಂದು ಅರ್ಥ. ಹೊಸಬಳು ಅಂದಿನಿಂದ ನಮಗೂ ಮಗಳು ಎಂದು ಇನ್ನೊಂದು ಅರ್ಥ.

"ಮಾಡಿ ಕೊಡ್ತೇವ್ರಿ" ಎಂದ ಅಪ್ಪ. ನಾನು ಎದ್ದು ಹೊರಗೆ ಹೋದೆ.

ಎರಡು ದಿನ ಕಳೆದು ಯಾರಿಗೂ ಹೇಳದೆ ಬಸವನ ಬಾಗೇವಾಡಿಗೆ ಹೋದೆ. ಹುಡುಗಿಯ ಮನೆ ಎಲ್ಲಿ ಎಂದು ಮೊದಲೇ ವಿಚಾರಿಸಿಕೊಂಡಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಹೇಳಬೇಕಾದ ಮಾತನ್ನು ಹಿಪ್ಪರಗಿ ದಾಟಿದಾಗಿನಿಂದ ಬಾಯಲ್ಲೇ ಉರು ಹೊಡೆಯುತ್ತ ಬಂದಿದ್ದೆ. ಮಗಳನ್ನು ಅಲ್ಲಿಗೆ ಕೊಡಬೇಡಿರಿ, ನಮ್ಮಕ್ಕನ ಕೊಡ ಒಣಗಿತ್ತು, ಅಷ್ಟೇ. ಒಂದು ಚಹಾ ಕುಡಿದೆ. ಇನ್ನೊಂದು ಕುಡಿದೆ. ಅಪ್ಪ ಕೊಟ್ಟ ಮಾತು ನೆನಪಾಯಿತು. ನಾನು ಬಾಯಿಬಿಟ್ಟರೆ ನಾಳೆ ತಂಗಿಯನ್ನು ನೋಡಲು ಯಾರು ಬರುತ್ತಾರೆ ಎಂಬುದೂ ನೆನಪಾಯಿತು. ತಂಗಿಗಾಗಿ ಸುಮ್ಮನಾದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜವೆಂದರೆ ಹೆದರಿದೆ. ಸಿಂದಗಿಯ ಬಸ್ಸು ಬಂತು, ಹತ್ತಿದೆ, ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು.

ಅದೇ ತಿಂಗಳು ಇಂಡಿ ಊರಿನಿಂದ ಒಬ್ಬ ಸಾಹುಕಾರರು ಕರವಸ್ತ್ರದಲ್ಲಿ ಏನನ್ನೋ ಸುತ್ತಿಕೊಂಡು ಅಂಗಡಿಗೆ ಬಂದರು. ನಿಂಬೆ ತೋಟ ಇಟ್ಟುಕೊಂಡವರು, ಹಳೆಯ ನಾಣ್ಯಗಳ ಹುಚ್ಚಿನವರು. ಬಿಚ್ಚಿದರು. ನಾನು ಅಂಥದ್ದನ್ನು ಮೊದಲು ಕಂಡಿರಲಿಲ್ಲ.

"ರೊಕ್ಕ ಅಲ್ಲ ಇದು, ನೆನಪಿನ ಪದಕ. ಯುರೋಪಿನ್ಯಾಗ ಬರೋಕ್ ಅಂತ ಒಂದ್ ಕಾಲ ಇತ್ತು, ಮುನ್ನೂರ ವರ್ಷದ ಹಿಂದ. ಯಾವಾಕೀನೋ ರಾಣಿ ಸತ್ತಾಗ ಮಾಡಿಸಿದ್ದಂತ. ಎರಡೂ ಮಗ್ಗಲ ಕಾಣೂವಂಗ ತಿರುಗೂ ಚೌಕಟ್ಟ ಮಾಡಿ ಕೊಡ್ರಿ" ಎಂದರು.

ಕೈಯಲ್ಲಿ ಹಿಡಿದರೆ ಭಾರ. ಮುಂದೆ ಒಂದು ಪಕ್ಕಕ್ಕೆ ತಿರುಗಿದ ರಾಣಿಯ ಮುಖ. ನಮ್ಮ ಬಿಲ್ಲೆಗಳಲ್ಲಿ ಮುಖ ಎಂದರೆ ಎರಡು ಚುಕ್ಕಿ, ಒಂದು ಗೀಟು. ಇಲ್ಲಿ ಸ್ವಲ್ಪ ಇಳಿಬಿದ್ದ ಗಲ್ಲ, ಗದ್ದದ ಕೆಳಗಿನ ಮಡಿಕೆ, ಕಿವಿಯ ಹಿಂದೆ ಬಿಡಿಸಿಕೊಂಡ ಕೂದಲಿನ ಸುರುಳಿ. ಕೊರಳಪಟ್ಟಿಯ ಲೇಸಿನ ತೂತುಗಳನ್ನೂ ಬಿಟ್ಟಿರಲಿಲ್ಲ. ಒಂದು ಕಾಳಿನಷ್ಟೂ ಎತ್ತರವಿಲ್ಲದ ಬೆಳ್ಳಿಯಲ್ಲಿ ಒಬ್ಬ ಹೆಂಗಸು ಪೂರಾ ಕೂತಿದ್ದಳು. ಬೆಳಕು ಓರೆಯಾಗಿ ಬಿದ್ದರೆ ಉಸಿರಾಡುತ್ತಾಳೆ ಅನಿಸುತ್ತಿತ್ತು. ತಿರುವಿ ನೋಡಿದೆ. ಹಿಂದೆ ಮೋಡದೊಳಗಿನಿಂದ ಒಂದು ಕೈ ಬಂದು ಮೇಣದ ಬತ್ತಿ ಆರಿಸುತ್ತಿತ್ತು. ಕೆಳಗೆ ಮುರಿದ ಕಂಬ, ಅದಕ್ಕೆ ಒರಗಿದ ರೆಕ್ಕೆಯ ಕೂಸು, ಕೂಸಿನ ಕೈಯಲ್ಲಿ ತಲೆಕೆಳಗಾದ ದೀವಟಿಗೆ. ಮೂಲೆಯಲ್ಲಿ ಮರಳಿನ ಗಡಿಯಾರ. ಅಂಚಿನಗುಂಟ ತನ್ನ ಬಾಲವನ್ನು ತಾನೇ ಕಚ್ಚಿಕೊಂಡ ಹಾವು.

ಸಾಹುಕಾರರು ಒಂದೊಂದನ್ನೇ ಬೆರಳಿಟ್ಟು ತೋರಿಸಿದರು. "ಆರಿದ ಬತ್ತಿ ಅಂದ್ರ ಹೋದ ಜೀವ. ಮುರದ ಕಂಬ ಅಂದ್ರ ಮನಿತನದ ಆಧಾರ ಹೋತಂತ. ಹಾವು ಅಂದ್ರ ಕೊನಿ ಇಲ್ಲದ ಕಾಲ. ಮುಂದಿನ ಮಗ್ಗಲ ಅರಸ ಹೇಳಿದ್ದು, ಹಿಂದಿನ ಮಗ್ಗಲ ಕೆಲಸಗಾರ ಹೇಳಿದ್ದು. ಕೈಗೆ ಸಿಕ್ಕಾವ ತಿರುವಿ ನೋಡೇ ನೋಡ್ತಾನಂತ ಗೊತ್ತಿತ್ತವರಿಗೆ."

ಅವರು ಬಿಟ್ಟುಹೋದ ಪುಸ್ತಕದಲ್ಲಿ ಇನ್ನೂ ಎಷ್ಟೋ ಪದಕಗಳ ಚಿತ್ರಗಳಿದ್ದವು. ಸೋತ ಅರಸರು ಗೆದ್ದೆವೆಂದು ಮಾಡಿಸಿಕೊಂಡ ಪದಕಗಳೂ ಇದ್ದವು. ಅಂದರೆ ಹಿಂಬದಿಯೂ ಸುಳ್ಳು ಹೇಳುತ್ತದೆ. ಅದು ನನ್ನ ತಲೆಗೆ ಹೋಗಲಿಲ್ಲ. ಹದಿನೈದು ದಿನ ಆ ಪದಕ ನನ್ನ ಮುಂದಿತ್ತು, ಹದಿನೈದು ದಿನವೂ ಒಂದೇ ಯೋಚನೆ. ನಮ್ಮಲ್ಲೂ ಗುರುತುಗಳಿಗೆ ಬರವಿಲ್ಲ. ವೀರಗಲ್ಲಿನ ಮೇಲೆ ಸೂರ್ಯ ಚಂದ್ರ, ಮಾಸ್ತಿಗಲ್ಲಿನ ಮೇಲೆ ಬಳೆ ತೊಟ್ಟ ಕೈ. ಆದರೆ ನಮ್ಮ ಕಲ್ಲುಗಳು ಸತ್ತವಳನ್ನು ಹೊಗಳುತ್ತವೆ, ಯಾಕೆ ಸತ್ತಳೆಂದು ಕೇಳುವುದಿಲ್ಲ. ನನ್ನ ಬಿಲ್ಲೆ ಹೇಳುತ್ತದೆ ಎಂದುಕೊಂಡೆ. ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಆಡಲಾಗದ ಮಾತನ್ನು ಬೆಳ್ಳಿಯಲ್ಲಿ ಆಡುತ್ತೇನೆ, ಹುಡುಗಿ ತಿರುವಿ ನೋಡುತ್ತಾಳೆ, ಎಚ್ಚರವಾಗುತ್ತಾಳೆ. ನಾನು ಮಾತು ಮುರಿದಂತೆಯೂ ಆಗುವುದಿಲ್ಲ. ಎಂಥ ಜಾಣ ನೋಡಿ ನಾನು.

ಸವತಿ ಬಿಲ್ಲೆಗೆ ಸಾಮಾನ್ಯವಾಗಿ ತೆಳುವಾದ ತಗಡು ಸಾಕು. ನಾನು ದಪ್ಪ ಬೆಳ್ಳಿ ತೆಗೆದುಕೊಂಡೆ. ಅರಗಿನ ಮೇಲೆ ಕೂರಿಸಿ ಮುಂದಿನ ಬದಿಯನ್ನು ಐದು ದಿನ ಕೆತ್ತಿದೆ. ರೂಢಿಯ ಪ್ರಕಾರ ಮೇಲೆ ಸೂರ್ಯ ಚಂದ್ರ, ಕಾಲ ಬಳಿ ತಲೆ ಬಾಚುವ ಹಣಿಗೆ, ಕುಂಕುಮದ ಭರಣಿ. ಆದರೆ ಮುಖ ಅಕ್ಕನದೇ ಮಾಡಿದೆ. ಎಡಗಡೆ ಸ್ವಲ್ಪ ಏರಿದ ಹುಬ್ಬು, ಗದ್ದದ ಮೇಲಿನ ಮಚ್ಚೆ, ಏನೋ ಕೇಳಲು ಹೊರಟಂಥ ಬಾಯಿ. ಆಮೇಲೆ ತಿರುವಿ ಹಾಕಿ ಹಿಂಬದಿ ಹಿಡಿದೆ. ಬಾವಿ, ಅದರ ಕಟ್ಟೆ, ಗಡಗಡೆ. ಕಟ್ಟೆಯ ಮೇಲೆ ನೆಟ್ಟಗೆ ನಿಂತ ಕೊಡ, ಪಕ್ಕದಲ್ಲಿ ಎಂಟರ ಆಕಾರದ ಹಗ್ಗ. ಮೇಲೆ ಸುರುಳಿ ಸುರುಳಿಯಾದ ಮೋಡ, ಆ ಪದಕದಲ್ಲಿದ್ದಂಥದೇ. ಮೋಡದಿಂದ ಹೊರಬಂದು ಬಾವಿಯ ಕಡೆ ನೂಕುವ ಒಂದು ಕೈ. ಆ ಕೈಗೆ ಹುಲಿಮುಖದ ಕಡಗ ಹಾಕಿದೆ. ಮದುವೆಯಲ್ಲಿ ಭಾವನಿಗೆ ನಾವೇ ಮಾಡಿ ಹಾಕಿದ್ದ ಕಡಗ ಅದು. ಅವನೇ ನೂಕಿದನೋ, ಅವಳು ತಾನೇ ಬೀಳುವಂಥ ಬದುಕು ಕೊಟ್ಟನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎರಡಕ್ಕೂ ಆ ಕೈ ಸಲ್ಲುತ್ತದೆ.

ಅಂಟವಾಳ ಕಾಯಿಯ ನೀರಿನಲ್ಲಿ ತಿಕ್ಕಿ ತೊಳೆದು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ.

"ಮಾರಿ ಯಾಕ ಮಾಡಿದ್ಯೋ? ಬಿಲ್ಲಿಗೆ ಮಾರಿ ಇರಾಂಗಿಲ್ಲ."

ಅಪ್ಪ ಹೆಬ್ಬೆರಳಿನಿಂದ ಮುಖದ ಮೇಲಿನ ಆ ಮಚ್ಚೆಯನ್ನು ಒಂದು ಸಲ ಸವರಿ, ಬಿಲ್ಲೆಯನ್ನು ಹಾಗೆಯೇ ಗುಲಾಬಿ ಕಾಗದದಲ್ಲಿ ಸುತ್ತಿದ. ಹುಟ್ಟಾ ಪತ್ತಾರ ನಮ್ಮಪ್ಪ. ಅವನೂ ತಿರುವಿ ನೋಡಲಿಲ್ಲ. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಮದುವೆಗೆ ನಾನು ಹೋಗಲಿಲ್ಲ. ಹುಡುಗಿ ತವರಿಗೆ ತಿರುಗಿ ಬಂದಳೆಂಬ ಸುದ್ದಿಗಾಗಿ ಒಂದಿಷ್ಟು ತಿಂಗಳು ಕಾದೆ. ಬರಲಿಲ್ಲ. ನೋಡಿರುತ್ತಾಳೆ, ಕಣ್ಣು ತೆರೆದು ಬದುಕುತ್ತಿರುತ್ತಾಳೆ ಎಂದು ಸಮಾಧಾನ ಮಾಡಿಕೊಂಡೆ. ತಂಗಿಯ ಮದುವೆ ಆಯಿತು, ಸುಖವಾಗಿದ್ದಾಳೆ. ಅಪ್ಪ ತೀರಿಕೊಂಡ, ಅವ್ವನೂ ಹೋದಳು. ಅಂಗಡಿಯಲ್ಲಿ ಒಬ್ಬನೇ ಕೂತಾಗ ಆ ಬಿಲ್ಲೆ ನೆನಪಾಗುತ್ತಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ, ಹೆಮ್ಮೆಯಿಂದಲೇ ನೆನಪಾಗುತ್ತಿತ್ತು. ಅಷ್ಟು ಒಳ್ಳೆಯ ಕೆಲಸ ನಾನು ಮತ್ತೆ ಮಾಡಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಹೆಂಗಸೊಬ್ಬಳು ಒಂಟಿಯಾಗಿ ಬಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತಳು. ವಯಸ್ಸು ಮೂವತ್ತರ ಒಳಗೇ ಇರಬೇಕು, ಮುಖ ಮಾತ್ರ ನಲವತ್ತರದು.

"ಅಣ್ಣಾರ, ನಾ ನಿಮ್ಮ ಅಕ್ಕನ ಜಾಗಾಕ ಬಂದಾಕೀರಿ" ಎಂದಳು.

ಒಳಗೆ ಕರೆದು ಕೂರಿಸಿದೆ. ನಾನು ಮಾತಾಡಿದಾಗಲೆಲ್ಲ ಬಲಗಿವಿಯನ್ನು ನನ್ನ ಕಡೆ ತಿರುಗಿಸುತ್ತಿದ್ದಳು. ಎಡಗಿವಿ ಕೇಳುವುದಿಲ್ಲ ಎಂದು ಅವಳೇ ಹೇಳಿದಳು, ಯಾಕೆಂದು ನಾನು ಕೇಳುವ ಹಾಗಿರಲಿಲ್ಲ. ಎಂಟು ವರ್ಷದಲ್ಲಿ ಎರಡು ಬಸಿರು ಹೋದವಂತೆ. ಈಗ ಹಿರಿಯರನ್ನು ಕೂರಿಸಿ ಸೋಡಚೀಟಿ ಬರೆಸಿ, ಸಂಬಂಧ ಹರಿಯಿತೆಂದು ಅಣ್ಣನ ಮನೆಗೆ ಕಳಿಸಿಬಿಟ್ಟಿದ್ದರು. ಕೊರಳಿನಿಂದ ಕರಿದಾರ ಎಳೆದು ಬಿಲ್ಲೆ ಹೊರಗೆ ತೆಗೆದಳು.

"ಇದನ್ನ ಬಿಡಸ್ರಿ. ಕಟ್ಟಿದ ತವರೇ ಬಿಡಸಬೇಕಂತ, ಇಲ್ಲಾಂದ್ರ ಆಕೀ ನನ್ನ ಬೆನ್ನ ಬಿಡಾಂಗಿಲ್ಲಂತ."

ಅಂಗೈಯಲ್ಲಿ ಇಟ್ಟುಕೊಂಡೆ. ಅಕ್ಕನ ಮೂಗು ಸವೆದಿತ್ತು. ದಿನವೂ ಕುಂಕುಮ ಹಚ್ಚಿ ಹಚ್ಚಿ ಹುಬ್ಬಿನ ಗೆರೆ ಅಳಿಸಿತ್ತು. ತಿರುವಿದೆ. ಹಿಂಬದಿ ಹೊಳೆಹೊಳೆಯುತ್ತ ನುಣ್ಣಗಿತ್ತು. ಬಾವಿ ಇಲ್ಲ, ಕೊಡ ಇಲ್ಲ, ಕೈ ಇಲ್ಲ. ಅಂಚು ನೋಡಿದೆ. ಯಾರೋ ಬೇರೆ ಪತ್ತಾರನ ಬೆಸುಗೆ.

"ಇದನ್ನ ಯಾರು ಮುಚ್ಚಿಸಿದ್ರವ್ವಾ?"

"ನಮ್ಮತ್ತಿ. ಮದುವಿಗಿಂತ ಮೊದಲ ಮುದ್ದೇಬಿಹಾಳದಾಗ ತಗಡ ಹಾಕಸಿದ್ರಂತ. ಹಿಂದಿನ ಕೆಲಸ ಮೈಗೆ ಚುಚ್ಚತೈತಿ ಅಂದ್ರು. ನನ್ನ ಕೊಳ್ಳಿಗೆ ಬರೂವಾಗ ಹಿಂಗ ಇತ್ತು."

ಪದಕ ಕೈಯಲ್ಲಿ ಹಿಡಿಯುವ ವಸ್ತು. ಬಿಲ್ಲೆ ಮೈಗೆ ತಾಗುವ ವಸ್ತು. ಮೈಗೆ ತಾಗುವ ಬದಿ ಒರಟಾಗಿದ್ದರೆ ಯಾವ ಪತ್ತಾರನಾದರೂ ಅರಗು ತುಂಬಿ ತಗಡು ಹಾಕಿಕೊಡುತ್ತಾನೆ. ನನ್ನ ಕೈಯಿಂದಲೇ ಎಷ್ಟೋ ತಾಯಿತಕ್ಕೆ, ಎಷ್ಟೋ ಬಿಲ್ಲೆಗೆ ಹಾಕಿದ್ದೇನೆ. ಅರಸರ ಪದಕ ನೋಡಿ ಕಣ್ಣು ತಿರುಗಿದ ನನಗೆ ನನ್ನ ಕಸುಬಿನ ಮೊದಲ ಪಾಠವೇ ಮರೆತಿತ್ತು. ಆ ಅತ್ತೆ ಚಿತ್ರ ನೋಡಿ ಮುಚ್ಚಿಸಿದಳೋ, ನೋಡದೆ ರೂಢಿಗೆ ಮುಚ್ಚಿಸಿದಳೋ ತಿಳಿಯದು. ದಾರಿ ಮಾಡಿಕೊಟ್ಟವನಂತೂ ನಾನೇ.

ಉರಿ ಹಚ್ಚಿ ಬೆಸುಗೆ ಬಿಡಿಸಿದೆ. ಅರಗು ಹೊಗೆಯಾಡಿತು. ತಗಡು ಎದ್ದು ಬಂತು. ತೊಳೆದು ಒರೆಸಿ ನೋಡಿದರೆ ಎಲ್ಲ ಇತ್ತು. ಒಂದು ಗೆರೆಯೂ ಸವೆದಿರಲಿಲ್ಲ, ನಿನ್ನೆ ಮುಗಿಸಿ ಇಟ್ಟಂತೆ ಇತ್ತು. ಎಂಟು ವರ್ಷ ಅವಳ ಎದೆಯ ಮೇಲೆ, ಅವಳಿಗೇ ಎಂದು ಮಾಡಿದ್ದು, ಕತ್ತಲಲ್ಲಿ ಕೂತಿತ್ತು.

"ಇದೇನ್ರಿ?" ಎಂದು ಬಗ್ಗಿ ನೋಡಿದಳು.

ಹೇಳಿದೆ. ಬಾವಿ, ಒಣ ಕೊಡ, ಹಗ್ಗ, ಬೆನ್ನಿನ ಬಾಸುಂಡೆ, ಅಪ್ಪ ಕೊಟ್ಟ ಮಾತು. ಬಾಗೇವಾಡಿಯ ಬಸ್ ಸ್ಟ್ಯಾಂಡು, ಎರಡು ಚಹಾ, ಅದನ್ನೂ ಬಿಡಲಿಲ್ಲ. ಬಲಗಿವಿ ನನ್ನ ಕಡೆ ಮಾಡಿಕೊಂಡು ಪೂರಾ ಕೇಳಿದಳು.

"ಹೊಡತ ಬಿದ್ದಾಗೆಲ್ಲಾ, ಆಕೀ ಕಾಡಾಕತ್ತಾಳ, ಅವನ ಮೈಯಾಗ ಬಂದು ಹೊಡಸಾಕತ್ತಾಳ ಅಂತಿದ್ರು. ಇದರಾಗಿನ ಮಾರಿ ನೋಡಿದ್ರ ಹೌದು ಅನಸ್ತಿತ್ರಿ, ಜೀವಂತ ನೋಡಿದಂಗ ನೋಡ್ತಿದ್ಲು. ಸೋಮಾರಕ್ಕೊಮ್ಮೆ ಉಪಾಸ ಇದ್ದು, ಕುಂಕುಮ ಹಚ್ಚಿ, ತಪ್ಪಾತ ಅಕ್ಕಾ, ಬಿಟ್ಟಬಿಡು ಅಂತ ಬೇಡಕೋತಿದ್ದೆ." ಬಿಲ್ಲೆ ತಿರುವಿ ಅಕ್ಕನ ಮುಖ ನೋಡಿದಳು. "ಆಕೀ ಏನೂ ಮಾಡಿರಲಿಲ್ಲ?"

"ಇಲ್ಲವ್ವಾ. ಏನೂ ಮಾಡಿರಲಿಲ್ಲ."

ನನಗೆ ಅಳು ಬಂತು. ಸತ್ತ ಮೇಲೂ ಅಕ್ಕನನ್ನು ಆ ಮನೆಯವರು ಬಿಟ್ಟಿರಲಿಲ್ಲ, ತಮ್ಮ ಹೊಡೆತವನ್ನೆಲ್ಲ ಅವಳ ತಲೆಗೆ ಕಟ್ಟಿದ್ದರು. ಅದಕ್ಕೆ ಬೇಕಾದ ಮುಖವನ್ನು ನಾನೇ ಐದು ದಿನ ಕೂತು ಚಂದವಾಗಿ ಮಾಡಿಕೊಟ್ಟಿದ್ದೆ. ಅವಳು ಅಳಲಿಲ್ಲ.

"ನಮ್ಮ ಮನಿ ಬಸ್ ಸ್ಟ್ಯಾಂಡಿನ ಹಿಂದಿನ ಓಣ್ಯಾಗರಿ ಅಣ್ಣಾರ" ಎಂದಳು. "ಚಾದಂಗಡಿಗೆ ನಿಂತು ಕೂಗಿದ್ರ ಕೇಳಸ್ತಿತ್ತು. ಆವಾಗ ನನಗ ಎರಡೂ ಕಿವಿ ಕೇಳ್ತಿದ್ದೂ."

ಬಿಲ್ಲೆಯನ್ನು ಕೈಗೆತ್ತಿಕೊಂಡು, ಕರಗಿಸಿಬಿಡಲೇನು ಎಂದು ಕೇಳಿದೆ.

"ಬ್ಯಾಡ್ರಿ. ಇಂಡ್ಯಾಗ ಅವನಿಗೆ ಮತ್ತೊಂದ್ ಹುಡುಗಿ ನೋಡ್ಯಾರ. ಬರೂ ವಾರ ಮಾತುಕತಿ ಐತಂತ. ಅಲ್ಲಿಗೆ ಹೋಗಿ ತೋರಸೂಣು. ನಾ ಒಬ್ಬಾಕೀನ ಹೋದ್ರ, ಬಿಟ್ಟಾಕಿ ಹೊಟ್ಟಿಕಿಚ್ಚಿಗೆ ಹೇಳಾಕ ಬಂದಾಳ ಅಂತಾರ. ನೀವೂ ಬರ್ರಿ."

ಮರುದಿನ ಅವಳು ಬಾಗೇವಾಡಿಯಿಂದ ಸಿಂದಗಿಗೆ ಬಂದಳು, ಇಬ್ಬರೂ ಇಂಡಿಯ ಬಸ್ಸು ಹತ್ತಿದೆವು. ಇಳಿದಾಗ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯ ಕಡೆ ನನ್ನ ಕಾಲು ತಾನೇ ಹೊರಳಿತು. ಅವಳು ನಿಂತು ನನ್ನನ್ನೇ ನೋಡಿದಳು. ಮುಂದೆ ನಡೆದೆ.

ಹುಡುಗಿಯ ಅಪ್ಪ ನಮ್ಮ ಕಸುಬಿನವನೇ, ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ನಮ್ಮನ್ನು ಚಾಪೆಯ ಮೇಲೆ ಕೂರಿಸಿದ. ಯಾರು, ಎಲ್ಲಿಂದ ಎಂದು ಹೇಳಿಕೊಂಡಾಗ ಮುಖ ಸ್ವಲ್ಪ ಬಿಗಿಯಾಯಿತು. ಒಳಬಾಗಿಲಿನ ಪರದೆಯ ಕೆಳಗೆ ಎರಡು ಪಾದ ಕಾಣುತ್ತಿದ್ದವು, ಹೊಸ ಗೆಜ್ಜೆ. ಅವಳು ಬಿಲ್ಲೆಯ ಹಿಂಬದಿ ಮೇಲೆ ಮಾಡಿ ಅವನ ಕೈಗೆ ಕೊಟ್ಟಳು.

ಅವನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಾಗಿಲ ಬೆಳಕಿಗೆ ಹಿಡಿದ. ಒಂದು ಕಡೆ ವಾಲಿಸಿದ, ಇನ್ನೊಂದು ಕಡೆ ವಾಲಿಸಿದ. ಮುಖದ ಬಿಗಿ ಸಡಿಲವಾಯಿತು.

"ಆಹಾ, ಕೆಲಸ ಅಂದ್ರ ಇದ್ರಿ. ಮ್ವಾಡ ನೋಡ್ರಿ ಎಷ್ಟ ಮೆತ್ತಗ ಬಂದೈತಿ. ಬೆರಳಿನ ಉಗುರ ಸುದ್ದಾ ಬಿಟ್ಟಿಲ್ಲ. ನೀರಿನ ಕೊಡ ಅಂತೂ ಎತ್ತಿ ಸೊಂಟಕ್ಕ ಇಟಗೋಬೇಕ ಅನಸ್ತೈತಿ. ಯಾರ ಕೈದು?"

ಅವಳು ನನ್ನ ಕಡೆ ನೋಡಿದಳು. ಹದಿನೈದು ದಿನ ಆ ಪದಕ ನೋಡಿ, ಒಂದೊಂದು ಗೆರೆಯನ್ನೂ ಅಳೆದು ತೂಗಿ ಮಾಡಿದ ಕೆಲಸ. ಎದುರಿಗೆ ಕೂತವನು ಕಸುಬು ಬಲ್ಲವನು, ತಿರುವಿ ನೋಡಿದವನು, ಹೊಗಳಿದವನು. ಅವನಿಗೂ ಅದು ನೀರಿನ ಕೊಡ. ತುಂಬಿದ ಕೊಡವನ್ನೂ ಒಣಗಿದ ಕೊಡವನ್ನೂ ಬೆಳ್ಳಿಯಲ್ಲಿ ಬೇರೆ ಬೇರೆಯಾಗಿ ಮಾಡಲು ಬರುವುದಿಲ್ಲ.

"ಕೈ ನಂದ್ರಿ" ಎಂದೆ. ಪರದೆಯ ಕೆಳಗಿನ ಆ ಪಾದಗಳಿಗೂ ಕೇಳಿಸಲೆಂದು ದನಿ ಎತ್ತರಿಸಿದೆ. "ಆ ಕೊಡದಾಗ ನೀರಿಲ್ರಿ. ಒಣಗಿತ್ತು. ನಾ ಒಳಗ ಕೈ ಹಾಕಿ ನೋಡೇನಿ."